ಗೇರ್ ಕಿರುಚಿದರೆ ಮೊದಲು ಕ್ಲಚ್ ನೋಡಿ

(ತಿಪಟೂರಿನಲ್ಲಿ ಹಾಲು ಉತ್ಪಾದಕರ ಸಂಘಗಳ ಕಾರ್ಯದರ್ಶಿಗಳು, ಸದಸ್ಯರು ಹಾಗೂ ಹಾಲಿನ ಗಾಡಿ ನಡೆಸುವವರು ಸೇರಿದ್ದ ಸಭೆಯಲ್ಲಿ ಪಶುವೈದ್ಯ ವಿಸ್ತರಣಾಧಿಕಾರಿಯವರು ಆಡಿದ ಮಾತುಗಳ ಬರಹ ರೂಪ)



ದನದ ಡಾಕ್ಟರು ಲಾರಿಯ ಗೇರಿನ ವಿಷಯ ಮಾತನಾಡಲು ನಿಂತರೆ ನಿಮಗೆ ನಗು ಬರುವುದು ಸಹಜ. ಕೆಚ್ಚಲು ಬಾವಿನ ಬಗ್ಗೆಯೋ, ಖನಿಜ ಮಿಶ್ರಣದ ಬಗ್ಗೆಯೋ ಹೇಳುತ್ತಾರೆಂದು ಬಂದವರಿಗೆ ಇದೇನು ಹೊಸ ಪುರಾಣ ಅನ್ನಿಸಬಹುದು. ಆದರೆ ಒಂದು ಮಾತು ಯೋಚಿಸಿ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳಲ್ಲಿ ತೋಟ ಇರುವ ಎಷ್ಟೋ ಮನೆಗಳ ಹಿಂದಿನ ಚಪ್ಪರದಲ್ಲಿ ಅಪ್ಪನ ಕಾಲದ, ಕೆಲವು ಕಡೆ ತಾತನ ಕಾಲದ ಲಾರಿಯೊಂದು ಇನ್ನೂ ನಿಂತಿದೆ. ತೋಟದಿಂದ ಕಾಯಿ ಹೇರಲು, ಅಟ್ಟದಿಂದ ಇಳಿಸಿದ ಕೊಬ್ಬರಿಯನ್ನು ಮಾರುಕಟ್ಟೆಗೆ ಮುಟ್ಟಿಸಲು, ರಾಗಿ ಹುಲ್ಲು ತರಲು, ಸಂಘಕ್ಕೆ ಪಶು ಆಹಾರದ ಮೂಟೆ ಇಳಿಸಲು ಅದೇ ಗಾಡಿ. ಯಾವುದಾದರೂ ಒಂದು ದಿನ ಹಾಲಿನ ವ್ಯಾನು ಕೈಕೊಟ್ಟರೆ ಕ್ಯಾನುಗಳೂ ಅದರ ಮೇಲೆಯೇ ಏರುತ್ತವೆ. ಹಸುವನ್ನು ಕೊಂಡು ತರುವಾಗಲೂ, ಮಾರುವಾಗಲೂ ಅದೇ.

ಹಸು ಸಾಗಿಸುವಾಗ ಪಶುವೈದ್ಯರ ಪ್ರಮಾಣಪತ್ರ ಬೇಕೆಂದು 1978ರ ಪ್ರಾಣಿ ಸಾಗಾಣಿಕೆ ನಿಯಮಗಳಲ್ಲಿ ಇದೆ. ಹಾಗಾಗಿ ಲಾರಿಯ ಹಿಂಬಾಗಿಲ ಬಳಿ ನಿಲ್ಲುವುದು ನನ್ನ ವೃತ್ತಿಯ ಒಂದು ಭಾಗವೇ ಆಗಿದೆ. ಅಲ್ಲಿ ನಿಂತಾಗ ಕಿವಿಗೆ ಬೀಳುವ ಸದ್ದು ಒಂದೇ. ಡ್ರೈವರು ಗೇರ್ ಹಾಕಿದ ಕೂಡಲೇ ‘ಕರ್‌ರ್‌ರ್’ ಎಂದು ಕಬ್ಬಿಣ ಕಿರುಚುತ್ತದೆ, ಗಾಡಿ ಜಗ್ಗುತ್ತದೆ, ಮೇಲಿರುವ ಹಸು ಮೊಣಕಾಲೂರುತ್ತದೆ. ಏಳೆಂಟು ತಿಂಗಳ ಗಬ್ಬದ ಕಡಸು ಹೀಗೆ ಬಿದ್ದು ಎದ್ದರೆ ಅದರ ಹೊಟ್ಟೆಯಲ್ಲಿರುವ ಕರುವಿಗೆ ಏನಾಗಬಹುದು ಎಂಬುದನ್ನು ನಾನು ನಿಮಗೆ ಹೇಳಬೇಕಾಗಿಲ್ಲ.

ಇನ್ನು ಹಾಲು. ಕೆಚ್ಚಲಿನಿಂದ ಇಳಿದ ಹಾಲು ದೇಹದ ಬಿಸಿಯಲ್ಲೇ ಇರುತ್ತದೆ. ಬೇಸಿಗೆಯ ದಿನ ಅದರಲ್ಲಿರುವ ಸೂಕ್ಷ್ಮಾಣುಗಳು ಅರ್ಧ ಗಂಟೆಗೊಮ್ಮೆ, ಕೆಲವೊಮ್ಮೆ ಅದಕ್ಕಿಂತ ಬೇಗ, ಇಮ್ಮಡಿಯಾಗುತ್ತವೆ. ಈಗ ಅನೇಕ ಊರುಗಳಲ್ಲಿ ಹಾಲನ್ನು 4 ಡಿಗ್ರಿಗೆ ಇಳಿಸುವ ಶೀತಲೀಕರಣ ಘಟಕಗಳು ಬಂದಿವೆ, ಸಂತೋಷ. ಆದರೆ ಸುತ್ತಲಿನ ಚಿಕ್ಕ ಸಂಘದ ಹಾಲು ಆ ಘಟಕ ಮುಟ್ಟುವವರೆಗೆ ಗಾಡಿಯ ಮೇಲೆಯೇ ಇರಬೇಕು. ಏರಿನಲ್ಲಿ ಗೇರ್ ಬೀಳದೆ ಗಾಡಿ ನಿಂತು ಎರಡು ತಾಸು ತಡವಾದರೆ, ಕುದಿಸಿ ನೋಡುವ ಪರೀಕ್ಷೆಯಲ್ಲಿ ಹಾಲು ಒಡೆದು ಇಡೀ ಊರಿನ ಒಂದು ಹೊತ್ತಿನ ದುಡಿಮೆ ಚರಂಡಿಗೆ ಹೋಗುತ್ತದೆ. ಹಾಲು ಕರೆದವಳು ಬೆಳಿಗ್ಗೆ ಐದಕ್ಕೆ ಎದ್ದಿರುತ್ತಾಳೆ. ಲಾರಿಯ ಹಲ್ಲು ಸವೆದದ್ದಕ್ಕೆ ಅವಳು ದಂಡ ತೆರಬೇಕೆ?

ಹಾಗಾಗಿ ಈ ಹೊತ್ತು ಹಳೆಯ ಲಾರಿಯ ಗೇರ್ ಕಿರುಚುವುದೇಕೆ, ಅದನ್ನು ಕಡಿಮೆ ಖರ್ಚಿನಲ್ಲಿ ಸರಿಪಡಿಸುವುದು ಹೇಗೆ ಎಂಬುದನ್ನು ನನಗೆ ತಿಳಿದಷ್ಟು ಹೇಳುತ್ತೇನೆ. ಅನೇಕ ವರ್ಷ ಹಾಲಿನ ಮಾರ್ಗಗಳಲ್ಲಿ ಹಳೆಯ ಡ್ರೈವರುಗಳ ಪಕ್ಕ ಕುಳಿತು, ಮೇಸ್ತ್ರಿಗಳ ಕೈಕೆಲಸ ನೋಡಿ, ಕೇಳಿ ಕಲಿತದ್ದು ಇದು. ಕೈಯಲ್ಲಿ ಪಾನಾ ಹಿಡಿಯುವವರು ನನಗಿಂತ ಚೆನ್ನಾಗಿ ಬಲ್ಲರು. ಆದರೆ ಗಾಡಿಯ ಯಜಮಾನನಿಗೂ ಇಷ್ಟು ಗೊತ್ತಿದ್ದರೆ ಸುಮ್ಮನೆ ಕೈ ಕಚ್ಚಿಸಿಕೊಳ್ಳುವುದು ತಪ್ಪುತ್ತದೆ.

ನಮ್ಮಲ್ಲಿ ಉಳಿದಿರುವ ಹಳೆಯ ಲಾರಿಗಳು ಹೆಚ್ಚಾಗಿ ಎರಡು ಮನೆತನದವು. ಟಾಟಾದವರ ಟೆಲ್ಕೊ ಕಂಪನಿ 1954ರಲ್ಲಿ ಜರ್ಮನಿಯ ಡೈಮ್ಲರ್-ಬೆನ್ಜ್ ಜೊತೆ ಸೇರಿ ಜಮ್‌ಷೆಡ್‌ಪುರದಲ್ಲಿ ಲಾರಿ ಮಾಡತೊಡಗಿತು. ಆ ಒಪ್ಪಂದ 1969ರಲ್ಲಿ ಮುಗಿದ ಮೇಲೆ ಮೂತಿಯ ಮೇಲಿದ್ದ ಮೂರು ಮೊನೆಯ ನಕ್ಷತ್ರ ಹೋಗಿ ಟಾಟಾ ಗುರುತು ಬಂತು. ಊರಲ್ಲಿ ಹಿರಿಯರು ಈಗಲೂ ಅದನ್ನು ‘ಬೆಂಜ್ ಲಾರಿ’ ಎಂದೇ ಕರೆಯುತ್ತಾರೆ. ಇನ್ನೊಂದು ಮದರಾಸಿನ ಕಡೆಯದು. 1948ರಲ್ಲಿ ಅಶೋಕ್ ಮೋಟರ್ಸ್ ಎಂದು ಹುಟ್ಟಿ 1955ರಲ್ಲಿ ಅಶೋಕ್ ಲೇಲ್ಯಾಂಡ್ ಆಯಿತು. ಅದರ ಕಾಮೆಟ್ ಲಾರಿ ನಿಮಗೆಲ್ಲ ಗೊತ್ತು. ಫಾರ್ಗೊ, ಬೆಡ್‌ಫೋರ್ಡ್ ಇಟ್ಟುಕೊಂಡವರು ಈಗ ವಿರಳ. ಇದ್ದರೆ ಅವರ ಪ್ರೀತಿಗೆ ನಮಸ್ಕಾರ.

ಈ ಗಾಡಿಗಳ ಒಳಗೆ ಒಂದು ಮುಖ್ಯ ವ್ಯತ್ಯಾಸವಿದೆ. ಇಂದಿನ ಕಾರಿನಲ್ಲಿ ಗೇರ್ ಹಾಕುವಾಗ ಎರಡು ಭಾಗಗಳ ವೇಗವನ್ನು ತಾನೇ ಸರಿದೂಗಿಸುವ ಹಿತ್ತಾಳೆ ಉಂಗುರ ಒಳಗಿರುತ್ತದೆ. ಅದಕ್ಕೆ ಸಿಂಕ್ರೊ ಎನ್ನುತ್ತಾರೆ. ಅಮೆರಿಕದ ಕ್ಯಾಡಿಲ್ಯಾಕ್ ಕಾರು 1928ರಲ್ಲಿ ಇದನ್ನು ಮೊದಲು ಮಾರುಕಟ್ಟೆಗೆ ತಂದಿತು. ಲಾರಿಗಳಿಗೆ ಅದು ಬರಲು ಬಹಳ ಕಾಲ ಹಿಡಿಯಿತು. ಹಳೆಯ ಲಾರಿಗಳಲ್ಲಿ ಕೆಲವಕ್ಕೆ ಸಿಂಕ್ರೊ ಇಲ್ಲವೇ ಇಲ್ಲ, ಕೆಲವಕ್ಕೆ ಮೇಲಿನ ಗೇರುಗಳಿಗೆ ಮಾತ್ರ ಇದೆ. ರಿವರ್ಸಿಗಂತೂ ಸಾಮಾನ್ಯವಾಗಿ ಇರುವುದಿಲ್ಲ. ನಿಮ್ಮ ಗಾಡಿ ಯಾವ ಜಾತಿಯದು ಎಂಬುದನ್ನು ಮೊದಲು ಬಲ್ಲ ಮೇಸ್ತ್ರಿಯಿಂದ ಕೇಳಿ ತಿಳಿದುಕೊಳ್ಳಿ. ಇಲ್ಲದ ಸಿಂಕ್ರೊವನ್ನು ರಿಪೇರಿ ಮಾಡಿಸಿದೆ ಎಂದು ದುಡ್ಡು ಕೊಟ್ಟವರು ಉಂಟು!

ಈಗ ಕಿರುಚುವುದೇಕೆ ಎಂಬ ಮಾತಿಗೆ ಬರೋಣ. ನಮ್ಮ ಹಳ್ಳಿಕಾರ್ ಎತ್ತುಗಳನ್ನೇ ನೆನೆಸಿಕೊಳ್ಳಿ. ಒಂದು ಎತ್ತು ಓಡುತ್ತಿದೆ, ಇನ್ನೊಂದು ನಿಧಾನವಾಗಿ ನಡೆಯುತ್ತಿದೆ. ಹಾಗೆ ಇರುವಾಗಲೇ ಎರಡರ ಹೆಗಲಿಗೂ ನೊಗ ಹೇರಲು ಹೋದರೆ ಏನಾಗುತ್ತದೆ? ನೊಗ ತಿರುಚುತ್ತದೆ, ಹೆಗಲು ಉಜ್ಜುತ್ತದೆ, ‘ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು’ ಎಂಬಂತಾಗುತ್ತದೆ. ಜಾಣ ರೈತ ಎರಡನ್ನೂ ಒಂದೇ ನಡಿಗೆಗೆ ತಂದು ಆಮೇಲೆ ನೊಗ ಇಡುತ್ತಾನೆ. ಗೇರ್ ಬಾಕ್ಸಿನ ಒಳಗೂ ಎರಡು ಎತ್ತುಗಳಿವೆ. ಒಂದು ಭಾಗ ಎಂಜಿನ್ನಿನ ಮಾತು ಕೇಳುತ್ತದೆ, ಇನ್ನೊಂದು ಹಿಂದಿನ ಚಕ್ರಗಳ ಮಾತು ಕೇಳುತ್ತದೆ. ಇವೆರಡೂ ಬೇರೆ ಬೇರೆ ವೇಗದಲ್ಲಿ ತಿರುಗುತ್ತಿರುವಾಗ ಹಲ್ಲಿಗೆ ಹಲ್ಲು ಕೂಡಿಸಲು ಹೋದರೆ ಹಲ್ಲಿನ ತುದಿಗಳು ಒಂದರ ಮೇಲೊಂದು ಜಾರಿ ಹೊಡೆದುಕೊಳ್ಳುತ್ತವೆ. ನೀವು ಕೇಳುವ ‘ಕರ್‌ರ್‌ರ್’ ಅದೇ. ಪ್ರತಿ ಸಲವೂ ಆ ತುದಿಗಳಿಂದ ಉಕ್ಕಿನ ಪುಡಿ ಉದುರುತ್ತದೆ. ಚೂಪಾಗಿದ್ದ ತುದಿ ಮೊಂಡಾಗುತ್ತದೆ. ಮೊಂಡಾದ ಹಲ್ಲು ಇನ್ನೂ ಕಷ್ಟದಿಂದ ಕೂಡುತ್ತದೆ, ಕೊನೆಗೆ ಹೊರೆ ಬಿದ್ದಾಗ ಗೇರ್ ತಾನಾಗಿ ಹೊರಗೆ ಜಾರುತ್ತದೆ. ಇಳಿಜಾರಿನಲ್ಲಿ ಹಾಗೆ ಜಾರಿದರೆ ಗಾಡಿ ಎಂಜಿನ್ನಿನ ಹಿಡಿತ ತಪ್ಪಿ ಉರುಳತೊಡಗುತ್ತದೆ. ಉಳಿಯುವುದು ಬ್ರೇಕ್ ಒಂದೇ, ಅದೂ ಹಳೆಯದೇ.

ನಾನು ಹೇಳಬೇಕೆಂದು ಬಂದ ಮುಖ್ಯ ಮಾತು ಇಲ್ಲಿದೆ. ಗೇರ್ ಕಿರುಚಿತು ಎಂದ ಕೂಡಲೇ ಗೇರ್ ಬಾಕ್ಸ್ ಇಳಿಸಲು ಹೊರಡಬೇಡಿ. ಹಸುವಿನ ಬಾಯಲ್ಲಿ ಜೊಲ್ಲು ಸುರಿದರೆ ನೀವೇನು ಮಾಡುತ್ತೀರಿ? ಕಾಲುಬಾಯಿ ಜ್ವರ ಎಂದು ಊರೆಲ್ಲ ಹೇಳುತ್ತದೆ. ಆದರೆ ಗಂಟಲಲ್ಲಿ ತೆಂಗಿನ ಚೂರು ಸಿಕ್ಕಿಕೊಂಡರೂ ಜೊಲ್ಲು ಬರುತ್ತದೆ, ಹುಚ್ಚುನಾಯಿ ರೋಗದಲ್ಲೂ ಬರುತ್ತದೆ. (ಆದ್ದರಿಂದ ಕಾರಣ ತಿಳಿಯದೆ ಜೊಲ್ಲು ಸುರಿಸುವ ದನದ ಬಾಯಿಗೆ ಬರಿಗೈ ಹಾಕಬೇಡಿ, ಇದು ಲಾರಿಯ ಮಾತಲ್ಲ, ಆದರೂ ನೆನಪಿಡಿ.) ಜೊಲ್ಲು ರೋಗವಲ್ಲ, ರೋಗದ ಗುರುತು. ಕಿರುಚುವುದೂ ಹಾಗೆಯೇ. ಸದ್ದು ಬರುವುದು ಗೇರ್ ಬಾಕ್ಸಿನಿಂದ. ರೋಗ ಬಹಳ ಸಲ ಇರುವುದು ಅದರ ಮುಂದಿನ ಕ್ಲಚ್ಚಿನಲ್ಲಿ, ಒಳಗಿನ ಎಣ್ಣೆಯಲ್ಲಿ, ಅಥವಾ ಓಡಿಸುವವನ ಕೈಕಾಲಿನಲ್ಲಿ.

ರೋಗ ಎಲ್ಲಿದೆ ಎಂದು ತಿಳಿಯಲು ಖರ್ಚಿಲ್ಲದ ಒಂದು ಪರೀಕ್ಷೆ ಇದೆ. ಗಾಡಿಯನ್ನು ಸಮತಟ್ಟಾದ ಬಯಲಿನಲ್ಲಿ ನಿಲ್ಲಿಸಿ. ಹ್ಯಾಂಡ್ ಬ್ರೇಕ್ ಎಳೆಯಿರಿ, ಚಕ್ರಗಳ ಹಿಂದೆ ಮುಂದೆ ಕಲ್ಲು ಕೊಡಿ, ಗಾಡಿಯ ಹಿಂದೆ ಮುಂದೆ ಯಾರೂ, ಮುಖ್ಯವಾಗಿ ಮಕ್ಕಳು, ಇಲ್ಲದಂತೆ ನೋಡಿಕೊಳ್ಳಿ. ಎಂಜಿನ್ನನ್ನು ಬಿಸಿಯಾಗಲು ಬಿಟ್ಟು ನಿಧಾನ ಓಟಕ್ಕೆ ಇಳಿಸಿ. ಕ್ಲಚ್ ಪೆಡಲನ್ನು ತಳದವರೆಗೆ ಒತ್ತಿ ಹಿಡಿದು ಮನಸ್ಸಿನಲ್ಲಿ ನಿಧಾನವಾಗಿ ಹತ್ತು ಎಣಿಸಿ. ಆಮೇಲೆ ರಿವರ್ಸ್ ಗೇರನ್ನು ಮೆಲ್ಲಗೆ ಹಾಕಿ.

ಏಕೆ ಹತ್ತು ಎಣಿಸಬೇಕು? ಕ್ಲಚ್ ಸರಿಯಾಗಿ ಬಿಟ್ಟಿದ್ದರೆ ಎಂಜಿನ್ನಿಗೂ ಗೇರ್ ಬಾಕ್ಸಿಗೂ ಸಂಬಂಧ ಕಡಿಯುತ್ತದೆ. ಒಳಗೆ ತಿರುಗುತ್ತಿದ್ದ ದಂಡ ಎಣ್ಣೆಯ ತಡೆಯಿಂದಲೇ ಕೆಲವು ಕ್ಷಣದಲ್ಲಿ ನಿಲ್ಲುತ್ತದೆ. ಗಾಡಿ ನಿಂತಿರುವುದರಿಂದ ಚಕ್ರದ ಕಡೆಯದೂ ನಿಂತಿದೆ. ಎರಡು ಎತ್ತೂ ನಿಂತಿವೆ; ನೊಗ ಸದ್ದಿಲ್ಲದೆ ಕೂಡಬೇಕು. ಹತ್ತು ಎಣಿಸಿದ ಮೇಲೂ ಕಿರುಚಿದರೆ ಕ್ಲಚ್ ಬಿಡುತ್ತಿಲ್ಲ ಎಂದೇ ಅರ್ಥ. ಎಂಜಿನ್ ಇನ್ನೂ ಆ ದಂಡವನ್ನು ಎಳೆದಾಡುತ್ತಿದೆ. ಮೇಸ್ತ್ರಿಗಳು ಇದಕ್ಕೆ ‘ಕ್ಲಚ್ ಡ್ರ್ಯಾಗ್’ ಎನ್ನುತ್ತಾರೆ. ಹತ್ತು ಎಣಿಸಿದರೆ ಸದ್ದಿಲ್ಲ, ಅವಸರದಲ್ಲಿ ಹಾಕಿದರೆ ಮಾತ್ರ ಸದ್ದು ಎಂದಾದರೆ ಅದು ರೋಗವಲ್ಲ, ಅವಸರ. ನಿಂತಾಗ ಚೆನ್ನಾಗಿದ್ದು ಓಡುವಾಗ ಮಾತ್ರ ಕಿರುಚಿದರೆ ಆಗ ಎಣ್ಣೆ, ಸಿಂಕ್ರೊ, ಓಡಿಸುವ ರೀತಿ ಇವುಗಳ ಕಡೆ ನೋಡಬೇಕು. ಅದರಲ್ಲೂ ಒಂದೇ ಗೇರಿಗೆ ಕಿರುಚಿದರೆ ದೋಷ ಆ ಗೇರಿನದು. ಎಲ್ಲ ಗೇರಿಗೂ ಕಿರುಚಿದರೆ ಅನುಮಾನ ಮತ್ತೆ ಕ್ಲಚ್ಚಿನ ಮೇಲೆಯೇ.

ಕ್ಲಚ್ ಬಿಡದಿರಲು ಕಾರಣಗಳು ಹಲವು. ಅಗ್ಗದ ಕಾರಣದಿಂದ ಶುರುಮಾಡಿ. ಪೆಡಲಿನ ಕೆಳಗೆ ನೋಡಿ. ಕಾಲಿಗೆ ಬಿಸಿ ತಾಗುತ್ತದೆಂದು ಗೋಣಿಚೀಲ ಮಡಿಸಿ ಹಾಸಿದವರ ಗಾಡಿಯಲ್ಲಿ ಪೆಡಲ್ ತಳ ಮುಟ್ಟುವುದೇ ಇಲ್ಲ. ಗೋಣಿ ತೆಗೆದ ಮಾತ್ರಕ್ಕೆ ಗೇರ್ ಬಾಯಿ ಮುಚ್ಚಿದ್ದನ್ನು ಕಂಡಿದ್ದೇನೆ. ನಂತರ ಪೆಡಲಿನ ಸಡಿಲು. ಕೈಯಿಂದ ಮೆಲ್ಲಗೆ ಒತ್ತಿದರೆ ಮೊದಲ ಸ್ವಲ್ಪ ದೂರ ತಡೆಯಿಲ್ಲದೆ ಹೋಗಿ ಆಮೇಲೆ ಬಿಗಿ ಸಿಗಬೇಕು. ಹಳೆಯ ಲಾರಿಗಳಲ್ಲಿ ಇದು ಸುಮಾರು ಒಂದು ಅಂಗುಲದ ಆಸುಪಾಸು; ನಿಮ್ಮ ಗಾಡಿಯ ಸರಿಯಾದ ಅಳತೆ ಅದರ ಕೈಪಿಡಿಯಲ್ಲಿದೆ. ಈ ಸಡಿಲು ಹೆಚ್ಚಾದರೆ ಪೆಡಲ್ ತಳ ಮುಟ್ಟಿದರೂ ಕ್ಲಚ್ ಪೂರ್ತಿ ಬಿಡುವುದಿಲ್ಲ, ಗೇರ್ ಕಿರುಚುತ್ತದೆ. ಸಡಿಲು ಇಲ್ಲವೇ ಇಲ್ಲ ಎಂದಾದರೆ ಕ್ಲಚ್ ಪ್ಲೇಟ್ ಸದಾ ಜಾರಿ ಸುಡುತ್ತದೆ, ಬೇರಿಂಗೂ ಹಾಳಾಗುತ್ತದೆ. ಎರಡೂ ಕೆಡುಕೇ. ಸರಿಪಡಿಸಲು ಬೇಕಾದದ್ದು ಎರಡು ಪಾನಾ, ಅರ್ಧ ಗಂಟೆ.

ಪೆಡಲಿನಿಂದ ಕ್ಲಚ್ಚಿನವರೆಗೆ ಹೋಗುವ ಕಂಬಿ, ಪಿನ್ನು, ಸಂದುಗಳನ್ನು ನೋಡಿ. ಪಿನ್ನು ಸವೆದು ತೂತು ಮೊಟ್ಟೆಯಾಕಾರವಾಗಿದ್ದರೆ ಕಾಲು ಒತ್ತಿದ್ದರಲ್ಲಿ ಅರ್ಧ ಅಲ್ಲೇ ವ್ಯರ್ಥ. ಕಾಯಿ, ಸಿಪ್ಪೆ ಹೇರುವ ಗಾಡಿಗಳಲ್ಲಿ ನಾರು ಈ ಸಂದುಗಳಿಗೆ ಸುತ್ತಿಕೊಂಡು ಗ್ರೀಸಿನ ಜೊತೆ ಸೇರಿ ಹುರಿಯಂತೆ ಗಟ್ಟಿಯಾಗುತ್ತದೆ. ಅದನ್ನು ಬಿಡಿಸಿ, ಸೀಮೆಎಣ್ಣೆಯಲ್ಲೋ ಡೀಸೆಲಿನಲ್ಲೋ ತೊಳೆದು ಹೊಸ ಗ್ರೀಸ್ ಕೊಡಿ. ಕಂಬಿಯ ಬದಲು ಎಣ್ಣೆಯ ಒತ್ತಡದಿಂದ ನಡೆಯುವ ಕ್ಲಚ್ಚಾದರೆ, ಡಬ್ಬಿಯಲ್ಲಿ ಎಣ್ಣೆ ಇಳಿದಿದೆಯೇ, ಕೊಳವೆಯಲ್ಲಿ ಗಾಳಿ ಸೇರಿದೆಯೇ ನೋಡಬೇಕು. ಪೆಡಲನ್ನು ಎರಡು ಮೂರು ಸಲ ಬೇಗಬೇಗ ತುಳಿದ ಮೇಲೆ ಗೇರ್ ಸಲೀಸಾಗಿ ಬಿದ್ದರೆ ಗಾಳಿ ಸೇರಿರುವುದು ಬಹುಮಟ್ಟಿಗೆ ಖಚಿತ.

ಇಷ್ಟೆಲ್ಲ ಸರಿಯಿದ್ದೂ ಕ್ಲಚ್ ಬಿಡದಿದ್ದರೆ ಮಾತ್ರ ದೋಷ ಒಳಗಿದೆ ಎಂದು ತಿಳಿಯಬೇಕು. ಪ್ಲೇಟ್ ಸೊಟ್ಟಗಾಗಿರಬಹುದು, ಅದಕ್ಕೆ ಎಣ್ಣೆ ಸೋರಿ ಅಂಟಾಗಿರಬಹುದು, ಪ್ಲೇಟ್ ಜಾರುವ ದಂಡದ ಗೀರುಗಳು ತುಕ್ಕು ಹಿಡಿದಿರಬಹುದು, ಪ್ರೆಷರ್ ಪ್ಲೇಟಿನ ಬೆರಳುಗಳು ಒಂದೇ ಎತ್ತರದಲ್ಲಿ ಇಲ್ಲದಿರಬಹುದು. ಇನ್ನೊಂದು ಕಳ್ಳ ಇದ್ದಾನೆ, ಅವನನ್ನು ಅನೇಕರು ಮರೆಯುತ್ತಾರೆ. ಫ್ಲೈವೀಲಿನ ನಡುವೆ ಕೂತಿರುವ ಚಿಕ್ಕ ಪೈಲಟ್ ಬೇರಿಂಗ್. ಗೇರ್ ಬಾಕ್ಸಿನ ದಂಡದ ತುದಿ ಅದರೊಳಗೆ ಕೂರುತ್ತದೆ. ಅದು ಒಣಗಿ ಬಿಗಿದುಕೊಂಡರೆ ಕ್ಲಚ್ ಎಷ್ಟೇ ಚೆನ್ನಾಗಿ ಬಿಟ್ಟರೂ ಎಂಜಿನ್ ಆ ತುದಿಯನ್ನೇ ಹಿಡಿದು ತಿರುಗಿಸುತ್ತದೆ. ಕ್ಲಚ್ ಪ್ಲೇಟ್ ಬದಲಿಸಲು ಗೇರ್ ಬಾಕ್ಸ್ ಇಳಿಸಿದಾಗ ಈ ಬೇರಿಂಗನ್ನೂ ಬದಲಿಸಲು ಹೇಳಿ. ಬೇರಿಂಗಿನ ಬೆಲೆ ದೊಡ್ಡದಲ್ಲ. ಅದೊಂದಕ್ಕಾಗಿ ಮತ್ತೆ ಇಳಿಸುವ ಕೂಲಿ ದೊಡ್ಡದು.

ಈಗ ಎಣ್ಣೆ. ನಮ್ಮ ಸಂಘದಲ್ಲಿ ಹಾಲಿಗೆ ನೀರು ಸೇರಿದರೆ ಲ್ಯಾಕ್ಟೋಮೀಟರ್ ಹೇಳುತ್ತದೆ. ಗೇರ್ ಎಣ್ಣೆಗೆ ನೀರು ಸೇರಿದರೆ ಎಣ್ಣೆಯೇ ಹಾಲಿನ ಬಣ್ಣಕ್ಕೆ ತಿರುಗುತ್ತದೆ! ಗಾಡಿಯ ಅಡಿಗೆ ಜೋರಾಗಿ ನೀರು ಬಿಟ್ಟು ತೊಳೆಯುವವರ, ಮಳೆಯಲ್ಲಿ ವರ್ಷಗಟ್ಟಲೆ ನಿಂತ ಗಾಡಿಯವರ ಗೇರ್ ಬಾಕ್ಸ್ ಬಿಚ್ಚಿದರೆ ಈ ‘ಹಾಲು’ ಕಾಣುತ್ತದೆ. ಅದನ್ನು ಪೂರ್ತಿ ಇಳಿಸಿ ಹೊಸದು ಹಾಕಬೇಕು, ಬೇರೆ ದಾರಿಯಿಲ್ಲ.

ಇಳಿಸುವಾಗ ಎಣ್ಣೆಯನ್ನು ಸುಮ್ಮನೆ ಚೆಲ್ಲಬೇಡಿ. ಸಗಣಿ ನೋಡಿ ಹಸುವಿನ ಹೊಟ್ಟೆ ಹೇಗಿದೆ ಎಂದು ಹೇಳುವಂತೆ, ಹಳೆಯ ಎಣ್ಣೆ ನೋಡಿ ಗೇರ್ ಬಾಕ್ಸಿನ ಹೊಟ್ಟೆ ಹೇಳಬಹುದು. ಅಗಲವಾದ ತಟ್ಟೆಗೆ ಇಳಿಸಿ ಬಿಸಿಲಿಗೆ ಹಿಡಿಯಿರಿ. ಚಿನ್ನದ ಪುಡಿಯಂತೆ ನಯವಾಗಿ ಹೊಳೆದರೆ ಹಿತ್ತಾಳೆ ಉಂಗುರ ಸವೆಯುತ್ತಿದೆ. ತಳದ ಬೋಲ್ಟಿಗೆ ಅಯಸ್ಕಾಂತ ಇದ್ದರೆ ಅದಕ್ಕೆ ಕಪ್ಪು ಕೆಸರಿನಂಥ ಪುಡಿ ಅಂಟಿರುವುದು ವಯಸ್ಸಿನ ಸಹಜ ಸವೆತ. ಆದರೆ ರಾಗಿಕಾಳಿಗಿಂತ ದೊಡ್ಡ ಉಕ್ಕಿನ ಚೂರು ಸಿಕ್ಕರೆ ಹಲ್ಲು ಮುರಿದಿದೆ. ಆ ಗಾಡಿಯನ್ನು ಒಂದು ಮೈಲಿಯೂ ಓಡಿಸದೆ ಬಿಚ್ಚಿಸಿ ನೋಡಿ.

ಹೊಸ ಎಣ್ಣೆ ಯಾವುದು? ಕೈಪಿಡಿ ಏನು ಹೇಳುತ್ತದೋ ಅದು. ಇಲ್ಲಿ ಎರಡು ತಪ್ಪು ನಡೆಯುತ್ತವೆ. ಸದ್ದು ಮುಚ್ಚಲೆಂದು 90ರ ಬದಲು 140ರ ದಪ್ಪ ಎಣ್ಣೆ ಸುರಿಯುವುದು ಒಂದು. ಸವೆದ ಬೇರಿಂಗಿನ ಗುನುಗು ಸ್ವಲ್ಪ ಕಡಿಮೆಯಾಗುತ್ತದೆ, ನಿಜ. ಆದರೆ ಮಾಗಿಯ ಬೆಳಗಿನಲ್ಲಿ ಅದು ಜೋನಿಬೆಲ್ಲದಂತೆ ನಿಂತು, ಸಿಂಕ್ರೊ ಉಂಗುರ ಎಣ್ಣೆಯ ಪದರವನ್ನು ಕತ್ತರಿಸಿ ಹಿಡಿತ ಸಾಧಿಸಲಾರದು. ಬೆಳಿಗ್ಗೆ ಕಿರುಚಿ ಮಧ್ಯಾಹ್ನ ಸುಮ್ಮನಾಗುವ ಗೇರಿಗೆ ಹೆಚ್ಚಾಗಿ ಇದೇ ಕಾರಣ. ಎರಡನೆಯದು, ಹಿಂದಿನ ಡಿಫರೆನ್ಷಿಯಲ್‌ಗೆ ತಂದ ಡಬ್ಬಿಯಿಂದಲೇ ಗೇರ್ ಬಾಕ್ಸಿಗೂ ಹಾಕುವುದು. ಡಬ್ಬಿಯ ಮೇಲೆ ಜಿ.ಎಲ್.-4, ಜಿ.ಎಲ್.-5 ಎಂದು ಬರೆದಿರುತ್ತಾರೆ. ಐದನೆಯದರಲ್ಲಿ ಭಾರಿ ಒತ್ತಡ ತಡೆಯುವ ಗಂಧಕ, ರಂಜಕದ ಮಿಶ್ರಣ ಹೆಚ್ಚು. ಡಿಫರೆನ್ಷಿಯಲ್‌ಗೆ ಅದು ಬೇಕು. ಆದರೆ ಗೇರ್ ಬಾಕ್ಸಿನ ಹಿತ್ತಾಳೆಯನ್ನು ಅದು ಕಾಲಕ್ರಮದಲ್ಲಿ ತಿನ್ನಬಹುದು, ಉಂಗುರದ ಹಿಡಿತವನ್ನೂ ಜಾರಿಸಬಹುದು. ಹಿಂಡಿ ಒಳ್ಳೆಯದೆಂದು ಎಳೆಗರುವಿಗೆ ಹಸುವಿನ ಪಾಲು ಹಾಕುತ್ತೇವೆಯೇ? ಸಿಂಕ್ರೊ ಇರುವ ಹಳೆಯ ಪೆಟ್ಟಿಗೆಗೆ ಸಾಮಾನ್ಯವಾಗಿ ಜಿ.ಎಲ್.-4 ಕ್ಷೇಮ.

ಕ್ಲಚ್ ಸರಿಯಿದೆ, ಎಣ್ಣೆ ಸರಿಯಿದೆ. ಇನ್ನು ಉಳಿದದ್ದು ಓಡಿಸುವ ಕಲೆ. ಹಳೆಯ ಡ್ರೈವರುಗಳು ‘ಡಬಲ್ ಕ್ಲಚ್’ ಹೊಡೆಯುವುದನ್ನು ನೀವು ನೋಡಿರಬಹುದು. ಈಗಿನ ಹುಡುಗರು ಕಾರು, ಟೆಂಪೊ ಓಡಿಸಿ ಕಲಿತವರು. ಅವರಿಗೆ ಇದರ ಅಗತ್ಯವೇ ಬಿದ್ದಿಲ್ಲ. ತಪ್ಪು ಅವರದಲ್ಲ, ಯಾರೂ ಹೇಳಿಕೊಟ್ಟಿಲ್ಲ ಅಷ್ಟೆ. ಸ್ವಲ್ಪ ಲೆಕ್ಕ ಹಾಕಿ ನೋಡೋಣ, ಶಾಲೆಯ ಮಗುವಿಗೂ ತಿಳಿಯುತ್ತದೆ.

ಗಾಡಿ ಮೂರನೇ ಗೇರಿನಲ್ಲಿ ಹೋಗುತ್ತಿದೆ. ಚಕ್ರದ ಕಡೆಯ ದಂಡ ನಿಮಿಷಕ್ಕೆ 800 ಸುತ್ತು ತಿರುಗುತ್ತಿದೆ ಎಂದಿಟ್ಟುಕೊಳ್ಳಿ. ಮೂರನೇ ಗೇರಿನಲ್ಲಿ ಎಂಜಿನ್ ಎರಡೂವರೆ ಸುತ್ತಿದರೆ ಆ ದಂಡ ಒಂದು ಸುತ್ತುತ್ತದೆ ಎಂದರೆ, ಎಂಜಿನ್ ಈಗ 2,000 ಸುತ್ತಿನಲ್ಲಿದೆ. ನಾಲ್ಕನೇ ಗೇರಿನಲ್ಲಿ ಒಂದೂವರೆಗೆ ಒಂದು ಎನ್ನೋಣ. ಅದೇ ವೇಗದಲ್ಲಿ ನಾಲ್ಕಕ್ಕೆ ಹೋಗಬೇಕಾದರೆ ಎಂಜಿನ್ ಕಡೆಯ ಭಾಗ 1,200ಕ್ಕೆ ಇಳಿಯಬೇಕು. 800 ಸುತ್ತು ಕಡಿಮೆಯಾಗದೆ ಹಲ್ಲು ಕೂಡದು. ತಿರುಗಿ ಏರಿನಲ್ಲಿ ನಾಲ್ಕರಿಂದ ಮೂರಕ್ಕೆ ಇಳಿಸುವಾಗ ಅದೇ 1,200ರಿಂದ 2,000ಕ್ಕೆ ಏರಬೇಕು. ಸಿಂಕ್ರೊ ಇದ್ದರೆ ಈ ಕೆಲಸವನ್ನು ಉಜ್ಜಿ ಉಜ್ಜಿ ಹಿತ್ತಾಳೆ ಮಾಡುತ್ತದೆ. ಇಲ್ಲದಿದ್ದರೆ, ಅಥವಾ ಸವೆದಿದ್ದರೆ, ನಿಮ್ಮ ಕಾಲು ಮಾಡಬೇಕು.

ಮೇಲಿನ ಗೇರಿಗೆ ಹೋಗುವಾಗ ಆಕ್ಸಿಲರೇಟರ್ ಬಿಟ್ಟು ಕ್ಲಚ್ ಒತ್ತಿ ನ್ಯೂಟ್ರಲ್‌ಗೆ ತನ್ನಿ. ಅಲ್ಲಿ ಕ್ಲಚ್ ಬಿಡಿ. ಈಗ ಗೇರ್ ಬಾಕ್ಸಿನ ಒಳದಂಡ ಎಂಜಿನ್ನಿಗೆ ಕೂಡಿಕೊಂಡಿತು. ಎಂಜಿನ್ ಇಳಿದಂತೆ ಅದೂ ಇಳಿಯುತ್ತದೆ. ಎಂಜಿನ್ನಿನ ಸದ್ದು ತಗ್ಗುವಷ್ಟು ಕಾದು ಮತ್ತೆ ಕ್ಲಚ್ ಒತ್ತಿ ಮೇಲಿನ ಗೇರ್ ಹಾಕಿ. ಕೆಳಗಿನ ಗೇರಿಗೆ ಬರುವಾಗ ಕ್ಲಚ್ ಒತ್ತಿ ನ್ಯೂಟ್ರಲ್, ಕ್ಲಚ್ ಬಿಟ್ಟು ಆಕ್ಸಿಲರೇಟರ್ ಒಂದು ಸಲ ಅದುಮಿ ಎಂಜಿನ್ನನ್ನು ಮೇಲಕ್ಕೆಬ್ಬಿಸಿ, ಆ ಸದ್ದು ಏರಿರುವಾಗಲೇ ಮತ್ತೆ ಕ್ಲಚ್ ಒತ್ತಿ ಕೆಳಗಿನ ಗೇರ್ ಹಾಕಿ. ಮೇಲೆ ಹೋಗುವಾಗ ಓಡುವ ಎತ್ತನ್ನು ತಡೆದು ನಿಧಾನಕ್ಕೆ ತರುವುದು. ಕೆಳಗೆ ಬರುವಾಗ ನಿಧಾನದ ಎತ್ತನ್ನು ಚಪ್ಪರಿಸಿ ಮುಂದಕ್ಕೆ ತರುವುದು. ಓದಲು ಉದ್ದ, ರೂಢಿಯಾದವರಿಗೆ ಇದೆಲ್ಲ ಎರಡು ಉಸಿರಿನ ಕೆಲಸ.

ಇದನ್ನು ಕಲಿಯುವುದು ಖಾಲಿ ಗಾಡಿಯಲ್ಲಿ, ಸಮತಟ್ಟು ದಾರಿಯಲ್ಲಿ, ಜನ ಓಡಾಡದ ಹೊತ್ತಿನಲ್ಲಿ. ಚಿಕ್ಕನಾಯಕನಹಳ್ಳಿ ಕಡೆಯ ಗುಡ್ಡದ ಏರಿನಲ್ಲಿ ಹೊರೆ ಹಾಕಿಕೊಂಡು ಕಲಿಯಲು ಹೋಗಬೇಡಿ. ಏರು ಬಂದಾಗ ಗಾಡಿ ಪೂರ್ತಿ ಸೋಲುವವರೆಗೆ ಕಾಯಬೇಡಿ, ಎಂಜಿನ್ನಿನಲ್ಲಿ ಇನ್ನೂ ಕಸುವಿರುವಾಗಲೇ ಗೇರ್ ಇಳಿಸಿ. ಇಳಿಜಾರಿನಲ್ಲಿ ಇಳಿಯುವ ಮುಂಚೆಯೇ ಕೆಳಗಿನ ಗೇರ್ ಹಾಕಿಕೊಳ್ಳಿ. ಅರ್ಧದಲ್ಲಿ ಹುಡುಕಲು ಹೋಗಿ ಸಿಗದೆ ಹೋದರೆ ನ್ಯೂಟ್ರಲ್‌ನಲ್ಲಿ ಸಿಕ್ಕಿಬೀಳುತ್ತೀರಿ. ದನ ಹೇರಿದ್ದರೆ ಇನ್ನೂ ನಿಧಾನ. ತಳಕ್ಕೆ ಜಾರದಂತೆ ನಾರಿನ ಚಾಪೆ ಹಾಸಿ ಎಂದು, ದನದ ಮುಖ ಎಂಜಿನ್ ಕಡೆಗೆ ಇರಲಿ ಎಂದು ಆ 1978ರ ನಿಯಮಗಳೇ ಹೇಳುತ್ತವೆ. ನಾರಿಗೆ ನಮ್ಮ ಸೀಮೆಯಲ್ಲಿ ಬರವೇ?

ಇನ್ನೊಂದು ಅಭ್ಯಾಸ ಬಿಡಬೇಕು. ಗೇರ್ ಕೋಲಿನ ಮೇಲೆ ಕೈ ಊರಿಕೊಂಡೇ ಓಡಿಸುವವರು ಬಹಳ. ಆ ಕೈಯ ಭಾರ ಒಳಗಿನ ಫೋರ್ಕಿನ ಮೇಲೆ ಬಿದ್ದು, ತಿರುಗುವ ಸ್ಲೀವನ್ನು ಅದು ಸದಾ ಒತ್ತುತ್ತಿರುತ್ತದೆ. ವರ್ಷಗಳಲ್ಲಿ ಎರಡೂ ಸವೆದು ಗೇರ್ ಪೂರ್ತಿ ಕೂರುವುದೇ ನಿಲ್ಲುತ್ತದೆ. ಕ್ಲಚ್ ಪೆಡಲ್ ಮೇಲೆ ಕಾಲಿಟ್ಟು ಓಡಿಸುವುದೂ ಹಾಗೆಯೇ, ರಿಲೀಸ್ ಬೇರಿಂಗಿಗೆ ವಿಷ.

ಇಷ್ಟು ಮಾಡಿದ ಮೇಲೂ ಒಂದೋ ಎರಡೋ ಗೇರು ಕಿರುಚುತ್ತಲೇ ಇದ್ದರೆ ಆಗ ಪೆಟ್ಟಿಗೆ ಬಿಚ್ಚಿಸಿ. ಬಿಚ್ಚುವ ದಿನ ನೀವು ಪಕ್ಕದಲ್ಲಿರಿ. ಸಿಂಕ್ರೊ ಉಂಗುರವನ್ನು ಅದರ ಗೇರಿನ ಮೊನೆಯ ಮೇಲೆ ಕೈಯಿಂದ ಒತ್ತಿ ತಿರುಗಿಸಲು ಹೇಳಿ. ಹಿಡಿದುಕೊಳ್ಳಬೇಕು, ಎಣ್ಣೆ ಸವರಿದ ಬಳೆಯಂತೆ ಜಾರಿದರೆ ಅದರ ಆಯಸ್ಸು ಮುಗಿದಿದೆ. ಒತ್ತಿ ಹಿಡಿದಾಗ ಉಂಗುರಕ್ಕೂ ಗೇರಿನ ಹಲ್ಲಿಗೂ ನಡುವೆ ಸಣ್ಣ ಸಂದು ಉಳಿಯಬೇಕು, ಅದನ್ನು ಫೀಲರ್ ಗೇಜಿನಿಂದ ಅಳೆಯುತ್ತಾರೆ. ಸಂದೇ ಇಲ್ಲದೆ ಅಂಟಿಕೊಂಡರೆ ಬದಲಿಸಬೇಕು. ಗೇರಿನ ಹಲ್ಲಿನ ತುದಿ, ಸ್ಲೀವಿನ ಒಳಹಲ್ಲು ಮೊಂಡಾಗಿದ್ದರೆ ಹೊಸ ಉಂಗುರ ಒಂದನ್ನೇ ಹಾಕಿ ಪ್ರಯೋಜನವಿಲ್ಲ; ಹೊಸ ಉಂಗುರವೂ ಬೇಗನೆ ಹಾಳಾಗುತ್ತದೆ.

ಹಳೆಯ ಗಾಡಿಯ ಭಾಗಗಳು ಅಂಗಡಿಯಲ್ಲಿ ಸುಲಭವಾಗಿ ಸಿಗವು, ಗುಜರಿಯಲ್ಲಿ ಹುಡುಕಬೇಕಾಗುತ್ತದೆ. ಹುಡುಕಲು ಹೋಗುವಾಗ ಹಳೆಯ ಭಾಗವನ್ನು ಜೊತೆಗೆ ಒಯ್ದು ಹಲ್ಲುಗಳನ್ನು ಎಣಿಸಿ ಹೋಲಿಸಿ. ಒಂದೇ ಕಂಪನಿಯ, ಕಣ್ಣಿಗೆ ಒಂದೇ ರೀತಿ ಕಾಣುವ ಗೇರುಗಳಲ್ಲೂ ಒಂದೆರಡು ಹಲ್ಲು ಹೆಚ್ಚು ಕಡಿಮೆ ಇರುತ್ತದೆ. ಜೋಡಿಯಲ್ಲಿ ಒಂದನ್ನು ಮಾತ್ರ ಬೇರೆ ತಂದರೆ ಕೂಡುವುದೇ ಇಲ್ಲ. ಗೇರ್ ಬಾಕ್ಸ್ ಬಹಳ ಭಾರ. ಇಳಿಸುವಾಗ ಬರೀ ಜಾಕಿನ ನಂಬಿಕೆಯ ಮೇಲೆ ಗಾಡಿಯ ಕೆಳಗೆ ಯಾರನ್ನೂ ಮಲಗಲು ಬಿಡಬೇಡಿ. ದಪ್ಪ ಮರದ ದಿಮ್ಮಿ ಕೊಟ್ಟಿರಬೇಕು. ಇಟ್ಟಿಗೆಯಾಗಲಿ, ಕಾಯಿ ರಾಶಿಯಾಗಲಿ ಬೇಡವೇ ಬೇಡ.

ಸಭೆಯಲ್ಲಿ ತುರುವೇಕೆರೆ ಕಡೆಯ ಹಿರಿಯರೊಬ್ಬರು ಕೇಳಿದರು, “ಸ್ವಾಮಿ, ನಮ್ಮ ಗಾಡಿ ಓಡುವುದೇ ವರ್ಷಕ್ಕೆ ಎರಡು ತಿಂಗಳು, ಕಾಯಿ ಕೆಡವಿದಾಗ. ಮಳೆಗಾಲ ಕಳೆದು ಹೊರಗೆ ತೆಗೆದರೆ ಯಾವ ಗೇರೂ ಬೀಳುವುದಿಲ್ಲ. ಏನು ಮಾಡೋಣ?” ಇದು ಅನೇಕರ ತೊಂದರೆ, ಟ್ರ್ಯಾಕ್ಟರ್ ಇಟ್ಟವರದೂ ಹೌದು. ತಿಂಗಳುಗಟ್ಟಲೆ ತೇವದಲ್ಲಿ ನಿಂತಾಗ ಕ್ಲಚ್ ಪ್ಲೇಟ್ ತುಕ್ಕಿನಿಂದ ಫ್ಲೈವೀಲಿಗೆ ಅಂಟಿಕೊಳ್ಳುತ್ತದೆ. ಆಗ ಪೆಡಲ್ ಒತ್ತಿದರೂ ಎರಡೂ ಒಂದೇ ಆಗಿ ತಿರುಗುತ್ತವೆ. ಇಂಥ ಗಾಡಿಯನ್ನು ಗೇರಿನಲ್ಲಿಟ್ಟು ಸೆಲ್ಫ್ ಹೊಡೆಯಬೇಡಿ, ಒಮ್ಮೆಲೇ ಮುಂದಕ್ಕೆ ಹಾರುತ್ತದೆ. ಎಂಜಿನ್ನನ್ನು ನ್ಯೂಟ್ರಲ್‌ನಲ್ಲಿ ಚೆನ್ನಾಗಿ ಬಿಸಿ ಮಾಡಿ ನಿಲ್ಲಿಸಿ, ಪೆಡಲನ್ನು ಒತ್ತಿ, ಸೀಟಿನ ಚೌಕಟ್ಟಿಗೆ ಮರದ ತುಂಡು ಆನಿಸಿ ರಾತ್ರಿಯಿಡೀ ಹಾಗೆಯೇ ಬಿಡಿ. ಬಹಳ ಸಲ ಬೆಳಗಾಗುವುದರಲ್ಲಿ ಬಿಟ್ಟಿರುತ್ತದೆ. ಬಿಡದಿದ್ದರೆ ಮೇಸ್ತ್ರಿಯನ್ನು ಕರೆಯಿರಿ. ಮುಂದಿನ ಮಳೆಗಾಲಕ್ಕೆ ಗಾಡಿ ನಿಲ್ಲಿಸುವ ದಿನವೇ ಅದೇ ಮರದ ತುಂಡನ್ನು ಪೆಡಲಿಗೆ ಕೊಟ್ಟು ಒತ್ತಿಟ್ಟುಬಿಡಿ. ಹಾಗೆ ಕೊಟ್ಟಿರುವುದನ್ನು ಒಂದು ಚೀಟಿಯಲ್ಲಿ ಬರೆದು ಸ್ಟೇರಿಂಗಿಗೆ ಕಟ್ಟಿ, ಹದಿನೈದು ದಿನಕ್ಕೊಮ್ಮೆ ಎಂಜಿನ್ ಹೊತ್ತಿಸಿ ಹತ್ತು ನಿಮಿಷ ಓಡಿಸಿ. ಹೊತ್ತಿಸುವ ಮುಂಚೆ ಗೇರ್ ನ್ಯೂಟ್ರಲ್‌ನಲ್ಲಿದೆಯೇ ನೋಡಿ, ತುಂಡನ್ನು ತೆಗೆಯಿರಿ. ಎಂಜಿನ್ ನಿಲ್ಲಿಸಿದ ಮೇಲೆ ಮತ್ತೆ ಕೊಡಿ.